ದೊಡ್ಡಪ್ಪನ ನಿಘಂಟು, ನನ್ನ ಬ್ಯಾಕ್‌ಸ್ಲಾಶ್

ನಮ್ಮ ದೊಡ್ಡಪ್ಪ ಮೂವತ್ತು ವರ್ಷ ಕೂಡಿಟ್ಟ ಬೇಸಾಯದ ಪದಗಳ ನಿಘಂಟು 1,100 ಪುಟ ದಾಟಿತ್ತು. "ಕಂಪ್ಯೂಟರ್ ಓದಿದೋನಲ್ವೇನೋ, ಪುಸ್ತಕ ಮಾಡ್ಕೊಡು" ಅಂದರು. ಬಿಇ ಮಾಡಿದವನಿಗೆ ಪ್ರಿಂಟರ್ ರಿಪೇರಿಯೂ ಬರಬೇಕು ಅನ್ನೋದು ನಮ್ಮೂರಿನ ನಂಬಿಕೆ.

ಹತ್ತು ಪುಟದ ರಿಪೋರ್ಟಿಗೆ ಯಾವ ಸಾಫ್ಟ್‌ವೇರಾದರೂ ನಡೆಯುತ್ತೆ. ಸಾವಿರ ಪುಟದ ಕತೆಯೇ ಬೇರೆ. ಮೂರನೇ ಪುಟಕ್ಕೆ ನಾಲ್ಕು ಸಾಲು ಸೇರಿಸಿದರೆ, 700ನೇ ಪುಟದಲ್ಲಿರುವ 'ನೋಡಿ: ಪುಟ 412' ಅನ್ನೋದು ಸುಳ್ಳಾಗಬಾರದು. ಅದಕ್ಕೇ ನಾನು ಲೇಟೆಕ್ ಹಿಡಿದೆ.

ಅದರ ಬೇರು ಟೆಕ್. ತನ್ನ ಪುಸ್ತಕದ ಎರಡನೇ ಸಂಪುಟದ ಹೊಸ ಪ್ರೂಫ್ ನೋಡಿ ಬೇಸರಗೊಂಡ ಡೊನಾಲ್ಡ್ ಕ್ನೂತ್ 1977ರಲ್ಲಿ ಅದನ್ನು ಕೈಗೆತ್ತಿಕೊಂಡರು. ಆಗಿನ ಕಂಪ್ಯೂಟರಿಗೆ ಮೆಮೊರಿ ಎಷ್ಟಿತ್ತು ಹೇಳಿ? ಹಾಗಾಗಿ ಟೆಕ್ ಒಂದು ಪುಟ ಕಟ್ಟುತ್ತೆ, ಆಚೆ ಕಳಿಸುತ್ತೆ, ಮರೆತುಬಿಡುತ್ತೆ. ಪುಟ ಎಷ್ಟೇ ಏರಿದರೂ ಅದು ಏದುಸಿರು ಬಿಡದಿರೋದಕ್ಕೆ ಈ ಬಡತನದ ಬುದ್ಧಿಯೇ ಕಾರಣ. ಪುಟಸಂಖ್ಯೆಗಳು ಸರಿಯಾಗಿ ಕೂರಲು ಮಾತ್ರ ಎರಡು ಮೂರು ಸಲ ಓಡಿಸಬೇಕು. ಮೂಲ ಟೆಕ್‌ಗೆ ಯೂನಿಕೋಡ್ ಗೊತ್ತಿರಲಿಲ್ಲ. 2004ರಲ್ಲಿ ಬಂದ ಜೀಟೆಕ್‌ನಿಂದ ನಮ್ಮ ಒತ್ತಕ್ಷರಕ್ಕೂ ದಾರಿಯಾಯಿತು.

ಇನ್‌ಡಿಸೈನ್ ಚಿತ್ರ ತುಂಬಿದ ಪುಟಗಳಿಗೆ ರಾಜ, ಆದರೆ ಬಾಡಿಗೆ ಕಟ್ಟುತ್ತಲೇ ಇರಬೇಕು. 2023ರಲ್ಲಿ ಎಲ್ಲರ ಕೈಗೆ ಸಿಕ್ಕ ಟಿಪ್ಸ್ಟ್ ಚುರುಕು, ತಪ್ಪನ್ನೂ ಮನುಷ್ಯರ ಮಾತಲ್ಲಿ ಹೇಳುತ್ತೆ. ಇವತ್ತು ಶುರು ಮಾಡಿದ್ದರೆ ಅದನ್ನೂ ಒಂದು ಕೈ ನೋಡುತ್ತಿದ್ದೆ.

ಪುಟಗಳು ಚೆನ್ನಾಗೇ ಬಂದವು. ಆಫೀಸಿನಲ್ಲಿ ನಾಲ್ಕು ಜನಕ್ಕೆ ತೋರಿಸಿ ಬೀಗಿದೆ ಕೂಡ. ದೊಡ್ಡಪ್ಪ ಒಂದು ಪದ ತಿದ್ದಲು ಹೋಗಿ ಒಂದು ಬ್ರೇಸ್ ಅಳಿಸಿದರು ನೋಡಿ, ಇಡೀ ಪುಸ್ತಕ ನಿಂತಿತು. ಪರದೆ ಮೇಲೆ 'ರನ್‌ಅವೇ ಆರ್ಗ್ಯುಮೆಂಟ್' ಅಂತ ಬಂತು. ಫೋನ್ ಮಾಡಿ, "ಯಾರೋ ಓಡೋದ್ರು ಅಂತದಲ್ಲೋ ಇದು!" ಅಂದರು. ಇಬ್ಬರೂ ನಕ್ಕೆವು. ಆಮೇಲೆ ಒಂದೊಂದು ಅಕ್ಷರಕ್ಕೂ ಫೋನ್ ಬರತೊಡಗಿತು. ಆಮೇಲೆ ಫೋನೇ ನಿಂತಿತು.

ಕೆಲಸ ಮುಗಿದಿರಬೇಕು ಅಂದುಕೊಂಡಿದ್ದೆ. ಹಬ್ಬಕ್ಕೆ ಊರಿಗೆ ಹೋದಾಗ ನೋಡಿದರೆ, ಹಳೇ ಕ್ಯಾಲೆಂಡರಿನ ಹಿಂದೆಲ್ಲ ಸಣ್ಣಕ್ಷರದಲ್ಲಿ ಪದಗಳು. "ನಿಂಗ್ಯಾಕೆ ತೊಂದ್ರೆ ಅಂತ ಬರ್ಕೊಂಡು ಇಟ್ಕೊಂಡೆ."

ಟೈಪ್‌ಸೆಟಿಂಗ್ ಸಾಧನಗಳ ಹೋಲಿಕೆಗಳಲ್ಲಿ ವೇಗ, ಫಾಂಟ್, ಬೆಲೆ ಎಲ್ಲ ಇರುತ್ತೆ. ಬರೆದವನೇ ತನ್ನ ಫೈಲ್ ಮುಟ್ಟಲು ಹೆದರುತ್ತಾನಾ ಅನ್ನೋ ಕಾಲಂ ಮಾತ್ರ ಕಂಡಿಲ್ಲ. ನನ್ನ ಪಟ್ಟಿಯಲ್ಲೂ ಇರಲಿಲ್ಲ.

ಲೇಟೆಕ್ ಬಿಡಲಿಲ್ಲ, ದೊಡ್ಡಪ್ಪನ ಕಣ್ಣಿಂದ ಮರೆಮಾಡಿದೆ. ಅವರಿಗೀಗ ಬರೀ ಸಾದಾ ಟೆಕ್ಸ್ಟ್ ಫೈಲ್: ಒಂದು ಸಾಲಲ್ಲಿ ಪದ, ಕೆಳಗೆ ಅರ್ಥ, ನಡುವೆ ಒಂದು ಖಾಲಿ ಸಾಲು. ಬ್ಯಾಕ್‌ಸ್ಲಾಶು, ಬ್ರೇಸು ಹಾಕೋದು ನನ್ನ ಪೈಥಾನ್ ಸ್ಕ್ರಿಪ್ಟಿನ ಪಾಡು. ನಿನ್ನೆ 'ಮಿಣಿ' ಪದಕ್ಕೆ ನಾಲ್ಕು ಸಾಲು ಸೇರಿಸಿ ಕಳಿಸಿದ್ದಾರೆ. ರಾತ್ರಿ ಮತ್ತೆ ಮೂರು ಸಲ ಓಡಿಸಬೇಕು.