1ಎ ಎಂದರೆ ಯಾವ ಟ್ರಾನ್ಸಿಸ್ಟರ್?

ಎಸ್‌ಒಟಿ-23 ಎಂಬ ಮೂರು ಕಾಲಿನ ಪ್ಯಾಕೇಜಿನ ಉದ್ದ ಸುಮಾರು 3 ಮಿಲಿಮೀಟರ್. ಬಿಸಿ846ಎ ಎಂಬ ಪೂರ್ತಿ ಹೆಸರು ಅದರ ಮೈಮೇಲೆ ಹಿಡಿಸುವುದಿಲ್ಲವೆಂದು ತಯಾರಕರು ಎರಡೋ ಮೂರೋ ಅಕ್ಷರ ಮೂಡಿಸಿ ಬಿಡುತ್ತಾರೆ. ಆ ಅಕ್ಷರ ಹಿಡಿದು ಅಸಲಿ ಹೆಸರು ಹುಡುಕಲು ಇರುವ ಪಟ್ಟಿಗಳಲ್ಲಿ ಆರ್. ಪಿ. ಬ್ಲ್ಯಾಕ್‌ವೆಲ್ ಅವರ ‘ಎಸ್‌ಎಂಡಿ ಕೋಡ್‌ಬುಕ್’ ನನಗೆ ಅಚ್ಚುಮೆಚ್ಚು. ಜಿಎಂ4ಪಿಎಂಕೆ ಎಂಬ ಕರೆಸಂಕೇತದ ಈ ಹ್ಯಾಮ್ ರೇಡಿಯೊ ಹವ್ಯಾಸಿ ಪಟ್ಟಿಗಿಂತ ಮೊದಲೇ ಓದುಗರನ್ನು ಎಚ್ಚರಿಸುತ್ತಾರೆ: ಒಂದು ಕೋಡ್ ಒಂದೇ ಬಿಡಿಭಾಗದ್ದು ಎಂದು ನಂಬಬೇಡಿ. ಅವರು ಕೊಡುವ ಉದಾಹರಣೆ 1ಎ. ಅದು ಬಿಸಿ846ಎ ಆಗಿರಬಹುದು, ಎಫ್‌ಎಂಎಂಟಿ3904 ಕೂಡ ಆಗಿರಬಹುದು.

ಈ ಉದಾಹರಣೆಯನ್ನೇ ಬೋರ್ಡಿನ ಮೇಲಿಟ್ಟು ನೋಡಿ. ಎರಡೂ ಎನ್‌ಪಿಎನ್, ಎರಡರಲ್ಲೂ ಬೇಸ್, ಎಮಿಟರ್, ಕಲೆಕ್ಟರ್ ಅದದೇ ಜಾಗದಲ್ಲಿವೆ. ಮಲ್ಟಿಮೀಟರನ್ನು ಡಯೋಡ್ ಮೋಡಿಗೆ ಹಾಕಿದರೆ ಬೇಸಿನಿಂದ ಉಳಿದೆರಡು ಕಾಲಿಗೂ 0.6–0.7 ವೋಲ್ಟ್ ತೋರಿಸುತ್ತದೆ. ಇದರಿಂದ ಯಾವುದೆಂದು ತೀರ್ಮಾನವಾಗದು. ವ್ಯತ್ಯಾಸವಿರುವುದು ತಡೆಯುವ ಶಕ್ತಿಯಲ್ಲಿ: ಬಿಸಿ846 ಕಲೆಕ್ಟರ್–ಎಮಿಟರ್ ನಡುವೆ 65 ವೋಲ್ಟ್ ತಾಳುತ್ತದೆ, 3904 ತಾಳುವುದು 40 ಮಾತ್ರ. ಬೋರ್ಡಿನ ಆ ಲೈನಿನಲ್ಲಿ 48 ವೋಲ್ಟ್ ಇದ್ದರೆ ಅಲ್ಲಿ 3904 ಕೂಡಿಸುವಂತೆಯೇ ಇಲ್ಲ. 5 ವೋಲ್ಟ್ ಲೈನಾದರೆ ಬಹುಮಟ್ಟಿಗೆ ಎರಡೂ ನಡೆಯುತ್ತವೆ. ಹೆಸರು ಹೇಳುವುದು ಕೋಡಿಗಿಂತ ಹೆಚ್ಚಾಗಿ ಸರ್ಕಿಟ್. ಕೋಡ್ ನೋಡಿದ್ದೇ ತಡ ಬೇರೊಂದನ್ನು ತಂದು ಬೆಸೆಯುವ ಅಭ್ಯಾಸ ನಮ್ಮ ರಿಪೇರಿ ಟೇಬಲ್ಲುಗಳಲ್ಲಿ ಬೇರೂರಿದೆ. ಅದನ್ನು ಬಿಡಿಸಬಲ್ಲ ಪುಸ್ತಕ ಇದು.

ಕೋಡಿನ ಪಕ್ಕದ ಅಂಕಣಗಳು ಇನ್ನೂ ಉಪಯುಕ್ತ. ಪ್ಯಾಕೇಜ್ ಯಾವುದು, ಕಾಲುಗಳ ಕ್ರಮ ಯಾವುದು, ಉದ್ದ ಕಾಲಿನ ಹಳೆಯ ಮಾದರಿಯಲ್ಲಿ ಇದಕ್ಕೆ ಸಮನಾದದ್ದು ಯಾವುದು ಎಂದು ಸಾಧ್ಯವಾದಲ್ಲೆಲ್ಲ ಕೊಟ್ಟಿದ್ದಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ‘1ಜಿ ಇದೆಯಾ’ ಎಂದು ಕೇಳುವುದಕ್ಕಿಂತ ‘ಬಿಸಿ547’ ಎಂದು ಕೇಳುವುದು ಸುಲಭ. ಕಾಲುಗಳ ಕ್ರಮವಂತೂ ಪ್ರಾಣ ಉಳಿಸುವ ಅಂಕಣ. ಎ7 ಎಂದರೆ ಬಿಎವಿ99, ಸರಣಿಯಲ್ಲಿ ಜೋಡಿಸಿದ ಎರಡು ಡಯೋಡ್. ಎ4 ಎಂದರೆ ಬಿಎವಿ70, ಕ್ಯಾಥೋಡ್ ಒಂದೇ. ಎ1 ಎಂದರೆ ಬಿಎಡಬ್ಲ್ಯು56, ಆನೋಡ್ ಒಂದೇ. ಹೊರಗಿನಿಂದ ಮೂರೂ ತದ್ರೂಪ. ಬೆಳಕನ್ನು ಓರೆಯಾಗಿ ಬಿಟ್ಟು, ಲೆನ್ಸಿನಡಿ ಆ ಒಂದು ಅಂಕಿಯನ್ನು ಸರಿಯಾಗಿ ಓದದಿದ್ದರೆ ಜೋಡಣೆಯೇ ತಲೆಕೆಳಗು. ಫಿಲಿಪ್ಸ್ ಸೇರಿಸುತ್ತಿದ್ದ ಚಿಕ್ಕ ‘ಪಿ’, ‘ಟಿ’ಗಳಂಥ ಬಾಲಂಗೋಚಿಗಳನ್ನು ಹೇಗೆ ಬಿಡಿಸಿ ನೋಡಬೇಕೆಂಬುದೂ ಇಲ್ಲಿದೆ.

ಕೊರತೆಯೂ ಇದೆ. ಟ್ರಾನ್ಸಿಸ್ಟರ್, ಡಯೋಡ್‌ಗಳ ಮಟ್ಟಿಗೆ ಪುಸ್ತಕ ಗಟ್ಟಿ. ಐದಾರು ಕಾಲಿನ ಇಂದಿನ ರೆಗ್ಯುಲೇಟರ್, ಚಾರ್ಜಿಂಗ್ ಐಸಿಗಳ ಮುಂದೆ ಅದು ಸೋಲುತ್ತದೆ. ಅವುಗಳ ಗುರುತಿನಲ್ಲಿ ಎಷ್ಟೋ ಸಲ ತಯಾರಿಕೆಯ ವಾರ, ಲಾಟ್ ಕೂಡ ಬೆರೆತಿರುವುದರಿಂದ, ಒಂದೇ ಐಸಿಯ ಮೇಲೆ ಬೇರೆ ಬೇರೆ ಅಕ್ಷರ ಕಾಣುತ್ತದೆ.

ಇದರ ಹೊಣೆಯನ್ನು ಬ್ಲ್ಯಾಕ್‌ವೆಲ್ ಅವರ ಮೇಲೆ ಹೊರಿಸುವುದು ನ್ಯಾಯವಲ್ಲ. ರೆಸಿಸ್ಟರ್‌ಗಳಿಗೆ ಉದ್ಯಮ ಒಂದು ಒಪ್ಪಂದಕ್ಕೆ ಬಂದಿದೆ: 103 ಎಂದರೆ 10 ಕಿಲೋ ಓಮ್; ಇಐಎ-96 ಪದ್ಧತಿಯಲ್ಲಿ 68ಸಿ ಎಂದರೆ 499 ಗುಣಿಸು 100, ಅಂದರೆ 49.9 ಕಿಲೋ ಓಮ್. ಸೆಮಿಕಂಡಕ್ಟರ್‌ಗಳಿಗೆ ಮಾತ್ರ ಪ್ರತಿ ಕಂಪನಿಗೂ ತನ್ನದೇ ಲಿಪಿ. ಜಾಗವಿಲ್ಲ ಎಂಬ ನೆಪ ಅರ್ಧ ನಿಜ. 26 ಅಕ್ಷರ, 10 ಅಂಕಿ ಬಳಸಿದರೆ ಎರಡು ಸ್ಥಾನದಲ್ಲಿ 1,296 ಗುರುತುಗಳು ಮಾತ್ರ ಸಿಗುತ್ತವೆ, ಆದರೆ ಮೂರು ಸ್ಥಾನದಲ್ಲಿ 46,656. ಸಾಮಾನ್ಯ ಡಯೋಡ್, ಟ್ರಾನ್ಸಿಸ್ಟರ್‌ಗಳಿಗಾದರೂ ಒಂದು ಸಮಾನ ಪಟ್ಟಿ ಮಾಡಿಕೊಳ್ಳಲು ಅಷ್ಟು ಸಾಕಿತ್ತು. ಆ ಕೆಲಸ ಒಬ್ಬ ಹವ್ಯಾಸಿಯ ಪಾಲಿಗೆ ಬಂದದ್ದು ಉದ್ಯಮಕ್ಕೆ ಶೋಭೆ ತರುವ ಸಂಗತಿಯಲ್ಲ.