ಸೋಮವೂ ಮೋಕ್ಷವೂ: ಹಕ್ಸ್ಲಿಯವರ ಎರಡು ಕಾದಂಬರಿಗಳು

ಋಗ್ವೇದದ ಒಂಬತ್ತನೆಯ ಮಂಡಲವು ಸೋಮಸ್ತುತಿಗೆ ಮೀಸಲಾದುದೆಂಬುದನ್ನು ವಾಚಕರು ಬಲ್ಲರು. ಆ ಹೆಸರನ್ನೇ ಎರವಲು ಪಡೆದು ಆಂಗ್ಲ ಗ್ರಂಥಕರ್ತರಾದ ಆಲ್ಡಸ್ ಹಕ್ಸ್ಲಿಯವರು 1932ರಲ್ಲಿ ಪ್ರಕಟವಾದ ‘ಬ್ರೇವ್ ನ್ಯೂ ವರ್ಲ್ಡ್’ ಎಂಬ ಕಾದಂಬರಿಯಲ್ಲಿ ಒಂದು ಗುಳಿಗೆಯನ್ನು ಕಲ್ಪಿಸಿದರು. ದುಗುಡವು ತಲೆದೋರಿದೊಡನೆ ಅದನ್ನು ನುಂಗಿದರಾಯಿತು, ಮನಸ್ಸು ನಿಶ್ಚಿಂತವಾಗುತ್ತದೆ. ಮೂವತ್ತು ವರ್ಷಗಳ ತರುವಾಯ, 1962ರಲ್ಲಿ, ‘ಐಲ್ಯಾಂಡ್’ ಎಂಬ ಕಾದಂಬರಿಯಲ್ಲಿ ಅವರೇ ‘ಮೋಕ್ಷ’ವೆಂಬ ಬೇರೊಂದು ಔಷಧವನ್ನು ಪ್ರಶಂಸಿಸಿದರು. ನಡುವೆ 1953ರಲ್ಲಿ ಸ್ವತಃ ಮೆಸ್ಕಲಿನ್ ಎಂಬ ದ್ರವ್ಯವನ್ನು ಸೇವಿಸಿ ನೋಡಿದ್ದರು. ಹಾಗಾದರೆ, ಯೌವನದಲ್ಲಿ ಹಳಿದುದನ್ನೇ ವೃದ್ಧಾಪ್ಯದಲ್ಲಿ ಕೊಂಡಾಡಿದರೇ? ಹಾಗೆಂದು ತೀರ್ಪು ಕೊಡುವ ಮೊದಲು ಈ ಎರಡು ಕೃತಿಗಳಲ್ಲಿ ಬರುವ ಎರಡು ಮರಣಶಯ್ಯೆಗಳನ್ನು ಹೋಲಿಸಿ ನೋಡತಕ್ಕದ್ದು.

ಮೊದಲನೆಯದರಲ್ಲಿ ಲಿಂಡಾ ಎಂಬವಳು ಸೋಮದ ಮತ್ತಿನಲ್ಲಿಯೇ ದಿನಗಳೆದು ಸಾಯುತ್ತಾಳೆ. ಅದು ಆಯುಸ್ಸನ್ನು ಕುಗ್ಗಿಸುವುದೆಂದು ತಿಳಿದೂ ವೈದ್ಯನು ಕೊಡುತ್ತಾನೆ. ಹೆತ್ತ ಮಗನಾದ ಜಾನ್ ಹಾಸಿಗೆಯ ಬಳಿ ಕೈಹಿಡಿದು ಕುಳಿತಿದ್ದರೂ ಅವಳು ಅವನನ್ನು ಹಳೆಯ ಪ್ರಿಯನೆಂದು ಭ್ರಮಿಸುತ್ತಾಳೆ. ಎರಡನೆಯದರಲ್ಲಿ ಅರ್ಬುದರೋಗದಿಂದ ಬಳಲುವ ಲಕ್ಷ್ಮಿ ಎಂಬ ವೃದ್ಧೆಯು ಎಚ್ಚರದಿಂದಲೇ ಪ್ರಾಣ ಬಿಡುತ್ತಾಳೆ. ಪತಿಯೂ ಸೊಸೆ ಸುಶೀಲಳೂ ಪಕ್ಕದಲ್ಲಿದ್ದು ಆಕೆಯೊಡನೆ ಮಾತನಾಡುತ್ತಾರೆ. ಆ ದ್ವೀಪದವರು ‘ಮೋಕ್ಷ’ವನ್ನು ನಿತ್ಯವೂ ಸೇವಿಸುವವರಲ್ಲ, ಸಿದ್ಧತೆಯ ಬಳಿಕ ಅಪರೂಪವಾಗಿ ಸೇವಿಸುವರು. ಆದುದರಿಂದ ಗ್ರಂಥಕರ್ತರು ಬದಲಾಯಿಸಿದುದು ಔಷಧವನ್ನು, ಒರೆಗಲ್ಲನ್ನಲ್ಲ. ಔಷಧದ ಪ್ರಭಾವವು ಇಳಿದ ಮೇಲೆ ಮನುಷ್ಯನು ಎದುರಿಗಿರುವವರನ್ನು ಗುರುತಿಸಬಲ್ಲನೇ, ದುಃಖವನ್ನು ನೇರವಾಗಿ ನೋಡಬಲ್ಲನೇ ಎಂಬುದೇ ಎರಡೆಡೆಯಲ್ಲಿಯೂ ಅವರ ಪ್ರಶ್ನೆ.

ಇದರೊಡನೆ ಇನ್ನೊಂದು ಪ್ರಶ್ನೆಯೂ ಉಂಟು: ಕೊಡುವವರು ಯಾರು? ಸೋಮವನ್ನು ಕೂಲಿಯಾಳುಗಳಿಗೆ ದುಡಿಮೆ ಮುಗಿದೊಡನೆ ಪಡಿಯಂತೆ ಹಂಚುತ್ತಾರೆ. ಗಲಭೆಯೆದ್ದರೆ ಪೊಲೀಸರು ಅದರ ಹಬೆಯನ್ನೇ ಗಾಳಿಗೆ ಬಿಡುತ್ತಾರೆ. ನ್ಯಾಯವನ್ನು ಕೊಡಬೇಕಾದಲ್ಲಿ ಸುಖವನ್ನು ಕೊಟ್ಟು ಬಾಯಿ ಮುಚ್ಚಿಸುವ ಉಪಾಯವಿದು.

ಮೊದಲನೆಯ ಕಾದಂಬರಿಗೆ ಒಂದು ದೊಡ್ಡ ಮಿತಿಯಿದೆ. ಸೋಮವನ್ನು ನುಂಗುವವರೆಲ್ಲರೂ ನೆಟ್ಟಗಿರುವವರೇ. ಮನೋವ್ಯಾಧಿಯಿಂದ ನರಳುವವರು ಅಲ್ಲಿಲ್ಲ. 1987ರಲ್ಲಿ ಫ್ಲುಯಾಕ್ಸೆಟಿನ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದು ರೋಗವನ್ನು ವಾಸಿಮಾಡುವುದಲ್ಲದೆ ಕೆಲವರ ಸ್ವಭಾವವನ್ನೇ ಹಗುರಗೊಳಿಸಿತೆಂದು ಕಂಡ ಪೀಟರ್ ಕ್ರೇಮರ್ ಎಂಬ ಮನೋವೈದ್ಯರು, ರೋಗವಿಲ್ಲದವರಿಗೂ ಇಂಥದನ್ನು ಕೊಡಬಹುದೇ ಎಂದು 1993ರ ತಮ್ಮ ಗ್ರಂಥದಲ್ಲಿ ವಿಚಾರಿಸಿದರು. ಆ ವಿವಾದವು ನ್ಯಾಯವಾದುದೇ. ಆದರೆ ಮನೆಯಲ್ಲೊಬ್ಬರು ತೀವ್ರ ಖಿನ್ನತೆಗೆ ಸಿಲುಕಿ ವೈದ್ಯರ ಮಾತಿನಂತೆ ಗುಳಿಗೆ ತೆಗೆದುಕೊಳ್ಳುವಾಗ, ಅದನ್ನು ಸೋಮವೆಂದು ಹೀಯಾಳಿಸಲು ಹಕ್ಸ್ಲಿಯವರನ್ನು ಸಾಕ್ಷಿಗೆ ಕರೆಯುವುದು ಸಲ್ಲದು. ಊಟ, ನಿದ್ರೆ, ಮಕ್ಕಳ ಮೇಲಿನ ಅಕ್ಕರೆ ಎಲ್ಲವನ್ನೂ ಕಳೆದುಕೊಂಡವರಿಗೆ ಔಷಧದಿಂದ ಅವು ಮರಳಿ ಬರುವುದಾದರೆ, ಅದು ಲಿಂಡಾಳ ಸ್ಥಿತಿಗೆ ತೀರ ವಿರುದ್ಧವಾದುದಲ್ಲವೇ?

ಕಥನಕಲೆಯಲ್ಲಿ ‘ಐಲ್ಯಾಂಡ್’ ಕೃತಿಯು ಹಿಂದಿನದಕ್ಕೆ ಸಮನಲ್ಲ. ಪಾತ್ರಗಳು ಬಾಳುವುದಕ್ಕಿಂತ ಉಪದೇಶಿಸುವುದೇ ಹೆಚ್ಚು. ಆದರೂ ಮೊದಲನೆಯದನ್ನು ಮಾತ್ರ ಓದಿ ಬಿಟ್ಟವರು ಲಕ್ಷ್ಮಿಯ ಮರಣದ ಅಧ್ಯಾಯವನ್ನಾದರೂ ಓದತಕ್ಕದ್ದು.