‘ತಾತ್ಕಾಲಿಕ’ ಎಂಬ ಕೂಟಲೇಖ

ದಾವಣಗೆರೆಯ ಪೇಟೆಯಲ್ಲಿ ಕೀರ್ದಿ-ಖಾತೆ ಬರೆದವರಿಗೆ ಒಂದು ನಿಯಮ ಸುವಿದಿತ. ಪ್ರತಿ ತಿಂಗಳೂ ತಪ್ಪದೆ ಬರುವ ವೆಚ್ಚವನ್ನು ಆಕಸ್ಮಿಕ ವೆಚ್ಚದ ಬಾಬಿನಲ್ಲಿ ತೋರಿಸಲಾಗದು. ಹಾಗೆ ತೋರಿಸಿದರೆ ಎರಡೂ ಕಡೆಯ ಮೊತ್ತ ಸರಿಹೊಂದೀತು. ಆದರೆ ಆ ಲೆಕ್ಕ ಸತ್ಯವೆನಿಸದು. ಸತ್ಯಾಣುವ್ರತದ ಅತಿಚಾರಗಳಲ್ಲಿ ಶಾಸ್ತ್ರಕಾರರು ‘ಕೂಟಲೇಖಕ್ರಿಯೆ’ ಎಂದು ಹೆಸರಿಸಿರುವುದು ಇಂಥ ಸುಳ್ಳು ಬರಹವನ್ನೇ. ಆಸ್ಪತ್ರೆಗಳು ಏಜೆನ್ಸಿಗಳ ಮೂಲಕ ದಾದಿಯರನ್ನೂ ವಾರ್ಡಿನ ಸಹಾಯಕರನ್ನೂ ‘ತಾತ್ಕಾಲಿಕ’ವಾಗಿ ಪಡೆಯುವ ಪದ್ಧತಿಯನ್ನು ಈ ಒರೆಗಲ್ಲಿಗೆ ಹಚ್ಚಿ ನೋಡುವುದು ಅವಶ್ಯ.

ಒಂದು ಕಾಲಕ್ಕೆ ಹತ್ತಿಗಿರಣಿಗಳಿಗೆ ಹೆಸರಾಗಿದ್ದ ದಾವಣಗೆರೆ ಇಂದು ವಿದ್ಯೆಗೂ ವೈದ್ಯಕ್ಕೂ ಹೆಸರಾಗಿದೆ. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾಯಿತು. ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲದೆ ಅನೇಕ ಖಾಸಗಿ ಆಸ್ಪತ್ರೆಗಳೂ ನರ್ಸಿಂಗ್ ಹೋಮ್‌ಗಳೂ ಇಲ್ಲಿವೆ. ತುಂಗಭದ್ರೆಯ ದಡದ ಹರಿಹರ ಇಲ್ಲಿಂದ ಸುಮಾರು 14 ಕಿ.ಮೀ.; ಅಲ್ಲಿ ಆಗದ ಚಿಕಿತ್ಸೆಗೆ ರೋಗಿಗಳು ಬರುವುದು ಇಲ್ಲಿಗೇ. ರೋಗಕ್ಕೆ ರಜೆಯಿಲ್ಲ. ಮೂರೂ ಪಾಳಿಗಳಲ್ಲಿ ಸೂಜಿಮದ್ದು ಕೊಡುವವರು, ಹಾಸಿಗೆ ಬದಲಿಸುವವರು, ನೆಲ ಒರೆಸುವವರು ಇದ್ದೇ ಇರಬೇಕು. ಆದುದರಿಂದ ಈ ಕೆಲಸ ಸ್ವಭಾವತಃ ನಿರಂತರವಾದುದು. ನಿರಂತರವಾದ ಕೆಲಸಕ್ಕೆ ತಾತ್ಕಾಲಿಕ ಕೆಲಸಗಾರನೆಂಬುದು ಹೇಗೆ ಹೊಂದುತ್ತದೆ?

ವ್ಯವಸ್ಥೆಯ ಸ್ವರೂಪ ಹೀಗಿದೆ. ಆಸ್ಪತ್ರೆ ಟೆಂಡರು ಕರೆಯುತ್ತದೆ. ಏಜೆನ್ಸಿ ಇಷ್ಟು ಜನರನ್ನು ಒದಗಿಸುವುದಾಗಿ ಒಪ್ಪುತ್ತದೆ. ಆಸ್ಪತ್ರೆ ವೇತನದ ಜೊತೆಗೆ ಭವಿಷ್ಯನಿಧಿ ಮತ್ತು ಇ.ಎಸ್.ಐ. ವಂತಿಗೆಯನ್ನೂ ಸೇವಾಶುಲ್ಕವನ್ನೂ ಏಜೆನ್ಸಿಗೆ ಕೊಡುತ್ತದೆ. ಏಜೆನ್ಸಿ ಕೆಲಸಗಾರರಿಗೆ ಹಂಚುತ್ತದೆ. ಟೆಂಡರಿನಲ್ಲಿ ಪೈಪೋಟಿ ನಡೆಯುವುದು ಹೆಚ್ಚಾಗಿ ಸೇವಾಶುಲ್ಕದ ಮೇಲೆ. ಇಲ್ಲಿ ವರ್ತಕನಾದವನು ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಶುಲ್ಕವನ್ನು ಸೊನ್ನೆಯ ಸಮೀಪಕ್ಕೆ ಇಳಿಸಿ ಗುತ್ತಿಗೆ ಹಿಡಿಯುವವನು ಲಾಭವನ್ನು ಎಲ್ಲಿಂದ ತೆಗೆಯುತ್ತಾನೆ? ನಷ್ಟಕ್ಕೆಂದು ಅಂಗಡಿ ತೆರೆಯುವವರಿಲ್ಲ. ವೇತನ ತಡವಾಗುವುದರಲ್ಲಿ, ಕಡಿತಗಳಲ್ಲಿ, ಕಟ್ಟದೆ ಉಳಿಸಿದ ವಂತಿಗೆಯಲ್ಲಿ ಅದು ಬರುವ ಸಂಭವವೇ ಹೆಚ್ಚು. ಕೆಲಸಗಾರನ ಪಾಲಿನ ಭವಿಷ್ಯನಿಧಿಯನ್ನು ಹಿಡಿದು ಜಮಾ ಮಾಡದಿರುವುದು ಕೇವಲ ಬಾಕಿಯಲ್ಲ. ಒಪ್ಪಿಸಿದ ಠೇವಣಿಯ ಅಪಹರಣ. ಶಾಸ್ತ್ರದಲ್ಲಿ ಇದಕ್ಕೆ ‘ನ್ಯಾಸಾಪಹಾರ’ವೆಂದು ಹೆಸರು. ಅತಿ ಕಡಿಮೆ ದರವನ್ನು ಕಣ್ಣುಮುಚ್ಚಿ ಒಪ್ಪಿದ ಆಸ್ಪತ್ರೆಯೂ ಆ ದೋಷದಲ್ಲಿ ಪಾಲುದಾರನೇ.

ದಾವಣಗೆರೆಯ ಹಿರಿಯರಿಗೆ ಗಿರಣಿಗಳ ‘ಬದಲಿ’ ಕಾರ್ಮಿಕರು ನೆನಪಿರಬೇಕು. ಕಾಯಂ ಕಾರ್ಮಿಕ ಬಾರದ ದಿನ ಅವನ ಜಾಗದಲ್ಲಿ ದುಡಿಯುವವನೇ ಬದಲಿ. ಅವನ ಬಾಳೂ ಸುಖದ್ದಾಗಿರಲಿಲ್ಲ. ಆದರೂ ಅವನ ಹೆಸರು ಗಿರಣಿಯ ಸ್ವಂತ ಮಸ್ಟರ್ ರೋಲಿನಲ್ಲಿರುತ್ತಿತ್ತು. ಒಂದು ವರ್ಷದ ಸತತ ಸೇವೆ ಮುಗಿಸಿದವನನ್ನು ಲೇ-ಆಫ್ ಪರಿಹಾರದ ಮಟ್ಟಿಗೆ ಬದಲಿಯೆಂದು ಎಣಿಸಬಾರದೆಂದು 1947ರ ಕೈಗಾರಿಕಾ ವಿವಾದಗಳ ಕಾಯ್ದೆ ವಿಧಿಸಿತ್ತು. ಏಜೆನ್ಸಿಯ ದಾದಿ ಯಾರ ಬದಲಿಗೂ ಬಂದವಳಲ್ಲ. ಆ ಹುದ್ದೆಯಲ್ಲಿ ಬೇರೊಬ್ಬರು ಇರುವುದೇ ಇಲ್ಲ. ವರ್ಷಗಟ್ಟಲೆ ದುಡಿದರೂ ಆಸ್ಪತ್ರೆಯ ಪುಸ್ತಕದಲ್ಲಿ ಅವಳ ಹೆಸರಿಲ್ಲ. ಏಜೆನ್ಸಿ ಬದಲಾದಾಗ ಅವಳ ಸೇವೆ ಮತ್ತೆ ಮೊದಲ ದಿನದಿಂದ ಎಣಿಕೆಯಾಗುತ್ತದೆ.

ಕಾನೂನು ಈ ದೋಷವನ್ನು ತಿದ್ದಿದೆಯೇ? ಗುತ್ತಿಗೆ ಕಾರ್ಮಿಕ ಪದ್ಧತಿಯನ್ನು ನಿಷೇಧಿಸುವ ಮುನ್ನ ಕೆಲಸ ನಿರಂತರವಾದುದೇ ಎಂದು ಸರಕಾರ ನೋಡಬೇಕೆಂದು 1970ರ ಕಾಯ್ದೆ ಹೇಳಿತ್ತು. ಅದರ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ, ಸಂಸ್ಥೆಯ ಮುಖ್ಯ ಚಟುವಟಿಕೆಯಲ್ಲಿ ಗುತ್ತಿಗೆ ಕಾರ್ಮಿಕರನ್ನು ನಿಷೇಧಿಸುತ್ತದೆ. ಓದಲು ಇದು ಹಿತವಾಗಿದೆ. ಆದರೆ ಅದೇ ಕಲಮಿನಲ್ಲಿ, ಯಾವ ಕೆಲಸವನ್ನು ವಾಡಿಕೆಯಾಗಿ ಗುತ್ತಿಗೆದಾರರ ಮೂಲಕವೇ ಮಾಡಿಸಲಾಗುತ್ತದೆಯೋ ಅದಕ್ಕೆ ವಿನಾಯಿತಿಯಿದೆ. ಹೀಗೆ ತಪ್ಪು ರೂಢಿಯಾದರೆ ರೂಢಿಯೇ ತಪ್ಪಿಗೆ ಅನುಮತಿಪತ್ರವಾಗುತ್ತದೆ. ಗುಡಿಸುವುದು, ಒರೆಸುವುದು, ತ್ಯಾಜ್ಯ ಸಾಗಿಸುವುದು ಇವು ಶುಚಿತ್ವಕ್ಕೆಂದೇ ಸ್ಥಾಪಿತವಾಗದ ಸಂಸ್ಥೆಯಲ್ಲಿ ಅವಶ್ಯ ಕೆಲಸಗಳಲ್ಲವೆಂದೂ ಸಂಹಿತೆ ಎಣಿಸುತ್ತದೆ. ಕಾರ್ಖಾನೆಯ ಅಂಗಳಕ್ಕೆ ಈ ಮಾತು ಒಪ್ಪೀತು. ಶಸ್ತ್ರಚಿಕಿತ್ಸಾ ಕೊಠಡಿಗೆ ಒಪ್ಪುವುದೆಂತು? ಅಲ್ಲಿಯ ನೆಲ ಒರೆಸದಿದ್ದರೆ ವೈದ್ಯರು ಕತ್ತರಿ ಹಿಡಿಯುವಂತಿಲ್ಲ. ಇದಲ್ಲದೆ, 20 ಗುತ್ತಿಗೆ ಕಾರ್ಮಿಕರಿದ್ದಲ್ಲಿ ಅನ್ವಯಿಸುತ್ತಿದ್ದ ರಕ್ಷಣೆ ಈಗ 50 ಮಂದಿ ಇದ್ದರೆ ಮಾತ್ರ. ಸಣ್ಣ ನರ್ಸಿಂಗ್ ಹೋಮ್‌ಗಳ ಕೆಲಸಗಾರರು ಇದರಿಂದ ಹೊರಗುಳಿಯುತ್ತಾರೆ.

ನ್ಯಾಯಾಲಯಗಳ ದಾರಿಯೂ ನೇರವಾಗಿಲ್ಲ. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರಿಂದ ಹುಟ್ಟಿದ ಉಮಾದೇವಿ ಪ್ರಕರಣದಲ್ಲಿ 2006ರಲ್ಲಿ ಸರ್ವೋಚ್ಚ ನ್ಯಾಯಾಲಯ, ತಾತ್ಕಾಲಿಕ ನೌಕರರಿಗೆ ಕಾಯಮಾತಿಯ ಹಕ್ಕಿಲ್ಲವೆಂದಿತು. 2024ರ ಡಿಸೆಂಬರಿನಲ್ಲಿ ಜಗ್ಗೋ ಪ್ರಕರಣದಲ್ಲಿ ಅದೇ ನ್ಯಾಯಾಲಯ, ದೀರ್ಘಕಾಲ ದುಡಿದ ಶುಚಿತ್ವ ಕಾರ್ಮಿಕರ ವಿರುದ್ಧ ಆ ತೀರ್ಪನ್ನು ಆಯುಧವಾಗಿ ಬಳಸಬಾರದೆಂದು ಹೇಳಿ, ಅವರ ಸೇವೆಯನ್ನು ಕಾಯಂಗೊಳಿಸಲು ಆಜ್ಞಾಪಿಸಿತು. 2016ರಲ್ಲಿ ಕೇಂದ್ರ ಸರಕಾರದ ಸಮಿತಿಯೊಂದು 200ಕ್ಕೂ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಗಳಲ್ಲಿ ದಾದಿಯರಿಗೆ ಸರಕಾರಿ ದಾದಿಯರ ಸಮಾನ ವೇತನವನ್ನೂ, 50ಕ್ಕಿಂತ ಕಡಿಮೆ ಹಾಸಿಗೆಗಳಿದ್ದಲ್ಲಿ ಕನಿಷ್ಠ 20,000 ರೂಪಾಯಿಯನ್ನೂ ಶಿಫಾರಸು ಮಾಡಿತು. ಆದರೆ ಶಿಫಾರಸು ತಾನಾಗಿ ಕಾನೂನಾಗದು.

ಆಸ್ಪತ್ರೆಗಳ ಪಕ್ಷದಲ್ಲೂ ಹೇಳತಕ್ಕದ್ದಿದೆ. 2020-21ರ ಕೋವಿಡ್ ಕಾಲದಂತೆ ಹಠಾತ್ತನೆ ಜನ ಬೇಕಾಗುವುದುಂಟು. ಹೆರಿಗೆ ರಜೆಯ ಮೇಲೆ ಹೋದವರ ಸ್ಥಾನ ತುಂಬಬೇಕಾಗುತ್ತದೆ. ಸರಕಾರಿ ಹುದ್ದೆಗಳ ಮಂಜೂರಾತಿ ವಿಳಂಬವಾಗುತ್ತದೆ. ಇವು ನಿಜವಾದ ತಾತ್ಕಾಲಿಕ ಅಗತ್ಯಗಳು. ಇವಕ್ಕೆ ಏಜೆನ್ಸಿಯ ನೆರವು ಪಡೆದರೆ ದೋಷವಿಲ್ಲ. ಕಾರಣ ತೀರಿದ ಮೇಲೂ ಅದೇ ವಾರ್ಡಿನಲ್ಲಿ ಅದೇ ಕೆಲಸಕ್ಕೆ ಅದೇ ವ್ಯಕ್ತಿಯನ್ನು ಮೂರನೆಯ ವರ್ಷವೂ ತಾತ್ಕಾಲಿಕವೆಂದು ಬರೆದರೆ, ಅದು ಕೂಟಲೇಖ.

ಇದರ ಫಲ ರೋಗಿಯನ್ನೂ ತಟ್ಟುತ್ತದೆ. ನಾಳೆ ಕೆಲಸವಿದೆಯೋ ಇಲ್ಲವೋ ಎಂದು ಅಂಜುವ ದಾದಿ, ತಪ್ಪು ಔಷಧಿ ಕಂಡರೂ ಬಾಯಿ ತೆರೆಯಲು ಹಿಂಜರಿಯುತ್ತಾಳೆ. ಪದೇ ಪದೇ ಬದಲಾಗುವ ಕೈಗಳಿಗೆ ವಾರ್ಡಿನ ಪರಿಚಯವೂ ಕೂಡುವುದಿಲ್ಲ.

ಈ ಪತ್ರಿಕೆಯ ವಾಚಕರಲ್ಲಿ ಆಸ್ಪತ್ರೆಗಳಿಗೆ ದಾನ ಕೊಡುವವರೂ ಧರ್ಮದರ್ಶಿಗಳಾಗಿರುವವರೂ ಇದ್ದಾರೆ. ಔಷಧದಾನ ಶ್ರೇಷ್ಠವಾದುದು. ಆದರೆ ಚೆಕ್ಕಿಗೆ ಸಹಿ ಹಾಕುವ ಮುನ್ನ ಮೂರು ಕಾಗದಗಳನ್ನು ನೋಡಲು ಕೇಳಬೇಕು: ಏಜೆನ್ಸಿಯ ಒಪ್ಪಂದ, ಭವಿಷ್ಯನಿಧಿ ಕಟ್ಟಿದ ಚಲನ್, ಹಾಗೂ ವಾರ್ಡಿನಲ್ಲಿ ಯಾರು ಎಷ್ಟು ವರ್ಷದಿಂದ ದುಡಿಯುತ್ತಿದ್ದಾರೆಂಬ ಪಟ್ಟಿ. ಇವನ್ನು ತೋರಿಸಲು ಹಿಂಜರಿಯುವ ಸಂಸ್ಥೆಗೆ ಗೋಡೆಯ ಮೇಲಿನ ದಾನಿಗಳ ಫಲಕಕ್ಕಿಂತ ಮೊದಲು ಶುದ್ಧವಾದ ಹಾಜರಿ ಪುಸ್ತಕ ಬೇಕಾಗಿದೆ.